ಹೊಸ್ತಿಲಲ್ಲಿ ಆರಿದ ಕೆಂಡ

"ಮೇಷ್ಟ್ರೇ, ಗಂಡು ಏಡಿಯ ವೀರ್ಯಾಣು ಮೊಟ್ಟೆಯೊಳಗೆ ಹೊಕ್ಕ ಮೇಲೆ ಅದರ ಮೈಟೊಕಾಂಡ್ರಿಯಾ ಕರಗಿಹೋಗುತ್ತದಂತೆ. ಮರಿಗೆ ಬೆಳೆಯುವ ಶಕ್ತಿ ಕೊಡುವುದೆಲ್ಲ ತಾಯಿಯ ಮೊಟ್ಟೆಯಲ್ಲಿ ಮೊದಲೇ ಇದ್ದ ಮೈಟೊಕಾಂಡ್ರಿಯಾವಂತೆ. ಹಾಗಾದರೆ ತಂದೆ ಕೊಟ್ಟದ್ದೇನು?"

ಏಡಿ ಸಾಕುವ ತೊಟ್ಟಿಯ ಬಳಿ ಕೂತು ಸಂಕಪ್ಪ ಹೀಗೆ ಕೇಳಿದ. ಬರುವ ತಿಂಗಳು ಅವನೇ ತಂದೆಯಾಗುವವನಿದ್ದ. ಪ್ರಶ್ನೆ ಬರೀ ಏಡಿಯದಲ್ಲವೆಂದು ಮೇಷ್ಟ್ರಿಗೆ ತಿಳಿಯಿತು. ಅವರು ನಕ್ಕು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಲೆಯ ಬೆಂಕಿ ತಾಯಿಯಿಂದ ಮಗಳಿಗೆ ಬರುತ್ತಿತ್ತು. ಮನೆಅಳಿಯನಾಗಿ ಬಂದವನು ಬೆಂಕಿ ತಂದರೆ ಅದನ್ನು ಹೊಸ್ತಿಲಲ್ಲೇ ಆರಿಸುವುದು ಅಲ್ಲಿಯ ಕ್ರಮ. ದೂರದ ಊರಿನ ಒಬ್ಬ ರೈತನಿಗೆ ಇದು ತಿಳಿಯದು. ಅವನು ತಾಯಿ ಕೊಟ್ಟ ಕೆಂಡವನ್ನು ಮಡಕೆಯಲ್ಲಿಟ್ಟುಕೊಂಡು, ಬಿತ್ತನೆಯ ಬತ್ತವನ್ನು ಹೆಗಲ ಮೇಲೆ ಹೊತ್ತು, ಮೂರು ದಿನ ನಡೆದು ಹೆಂಡತಿಯ ಮನೆಗೆ ಬಂದ. ಅತ್ತೆ ಎದುರುಬಂದು ಮಡಕೆಗೆ ಒಂದು ಚೊಂಬು ನೀರು ಸುರಿದಳು.

ಮಡಕೆಯ ಕೆಂಡ ಆರಿತು, ರೈತನೇ ಕೆಂಡವಾದ. "ನನ್ನ ಬೆಂಕಿಗೆ ಜಾಗವಿಲ್ಲದ ಮನೆಯಲ್ಲಿ ನನಗೇನು ಕೆಲಸ?" ಎಂದು ಬಂದ ದಾರಿಗೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಬಾಡಿತು.

"ಮೂರು ದಿನ ಊದಿ ಊದಿ ದಣಿದ ಬೆಂಕಿ ಅದು, ಅಳಿಯಂದಿರೇ. ಕಿಡಿ ಹಾರಿದರೆ ಹುಲ್ಲಿನ ಮಾಡು ಉಳಿಯುವುದಿಲ್ಲ," ಎಂದಳು ಅತ್ತೆ. "ನಮ್ಮ ಒಲೆಯಲ್ಲಿ ಕೆಂಡಕ್ಕೆ ಬರವಿಲ್ಲ. ನೀವು ಬರುತ್ತೀರೆಂದು ಬೂದಿ ಮುಚ್ಚಿ ಇಟ್ಟಿದ್ದೇವೆ. ಬತ್ತ ಒಳಗೆ ತನ್ನಿ."

ಹಸಿವೂ ಆಗಿತ್ತು. ರೈತ ಒಳಗೆ ಹೋದ. ಹೆಂಡತಿ ಬೂದಿ ಸರಿಸಿ ಒಲೆ ಹೊತ್ತಿಸಿದಳು. ಎಲ್ಲರೂ ಹೊಟ್ಟೆ ತುಂಬ ಉಂಡರು. ಮರುದಿನ ಅವನ ಬತ್ತವನ್ನೂ ಆ ಮನೆಯ ಬತ್ತವನ್ನೂ ಬೆರೆಸಿ ಗದ್ದೆಗೆ ಬಿತ್ತಿದರು. ಪೈರು ಚೆನ್ನಾಗಿ ಬಂತು. ಮುಂದಿನ ವರ್ಷಕ್ಕೆ ಅದರಿಂದಲೇ ಬೀಜ ತೆಗೆದಿಟ್ಟರು. ಸುಖವಾಗಿದ್ದರು.

ಕತೆ ಮುಗಿಯಿತು. ಸಂಕಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಆದರೂ ಅವನ ಬೆಂಕಿ ಆರಿತಲ್ಲ, ಮೇಷ್ಟ್ರೇ?"

"ಆರಿದ್ದು ಅವನ ತಾಯಿಯ ಬೆಂಕಿ ಮಾರಾಯ, ಅವನು ಕೊಟ್ಟದ್ದು ಇವತ್ತಿಗೂ ಆ ಗದ್ದೆಯಲ್ಲಿ ಮೊಳೆಯುತ್ತಿದೆ."