ಹದ್ದಿನಗುಡ್ಡದ ಕೆಸರು

ಗುಡ್ಡದ ಬಂಡಿ ಇಲ್ಲದವನು ಗಂಡಸೇ ಅಲ್ಲ ಅಂತ ಚಿಲುಮೆಕೋಟೆಯ ಜನ ನಂಬಿದ್ದ ಕಾಲ ಅದು. ಗುಡ್ಡದ ಬಂಡಿ ಅಂದರೆ ದಾರಿಯೇ ಇಲ್ಲದ ಕಡೆ ಓಡುವ ಎತ್ತಿನ ಬಂಡಿ. ಆಳೆತ್ತರದ ಗಾಲಿ, ತೊಡೆ ಗಾತ್ರದ ಅಚ್ಚು, ಸುತ್ತಲೂ ಹಿತ್ತಾಳೆ ಗೆಜ್ಜೆ. ದಳವಾಯಿಯ ಮನೆ ಮುಂದೆ ಒಂದು, ಶಾನುಭೋಗರ ಮನೆ ಮುಂದೆ ಒಂದು, ಅರಮನೆಯಲ್ಲಂತೂ ನಾಲ್ಕು. ಎಲ್ಲವೂ ದಿನಾ ಕೋಟೆ ಬಾಗಿಲಿಂದ ಸಂತೆಬೀದಿಗೆ ಹೋಗಿ ಬರುತ್ತಿದ್ದವು. ಗುಡ್ಡದ ಕಡೆ ಮಾತ್ರ ಒಂದೂ ತಲೆ ಹಾಕಿರಲಿಲ್ಲ.

ಅವನ್ನು ಮಾಡುತ್ತಿದ್ದವರು ಇಬ್ಬರು, ಮಾನಾಚಾರಿ ಮತ್ತು ವೀರಾಚಾರಿ. ಇಪ್ಪತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಒಬ್ಬ ಬಂಡಿಗೆ ಎಂಟು ಗೆಜ್ಜೆ ಕಟ್ಟಿದರೆ ಇನ್ನೊಬ್ಬ ಹದಿನಾರು ಕಟ್ಟುತ್ತಿದ್ದ.

ಅಂಥವರು ಒಂದು ದಿನ ಭುಜಕ್ಕೆ ಭುಜ ತಾಗಿಸಿಕೊಂಡು ಮುದ್ದಪ್ಪನಾಯಕನ ಆಸ್ಥಾನಕ್ಕೆ ಬಂದರು! ನಾಯಕನಿಗೆ ಎಲೆಅಡಿಕೆ ಮಡಿಸಿ ಕೊಡುತ್ತಿದ್ದ ಕೆಂಚಪ್ಪನ ಕೈಯಿಂದ ಸುಣ್ಣದ ಕಾಯಿ ಜಾರಿತು.

"ಮಹಾಪ್ರಭು, ಕಾಳವ್ವ ಅಂತ ಒಬ್ಬಳು ಬಂದಿದ್ದಾಳೆ," ಅಂದ ಮಾನಾಚಾರಿ. "ಗಂಡ ಸತ್ತ ಮೇಲೆ ಅವನ ಬಾಚಿ, ಉಳಿ ಹಿಡಕೊಂಡು ತಾನೂ ಗುಡ್ಡದ ಬಂಡಿ ಮಾಡ್ತಾಳಂತೆ!"

"ಗಿಡ್ಡ ಗಾಲಿ, ಒಂದು ಗೆಜ್ಜೆಯೂ ಇಲ್ಲ," ಅಂದ ವೀರಾಚಾರಿ. "ಆದರೂ ಗುಡ್ಡದ ಹಟ್ಟಿಹಟ್ಟಿಗೆ ಉಪ್ಪು ಹೇರಿಕೊಂಡು ಹೋಗ್ತಾಳೆ ಅಂತ ಜನ ಬಂಡಿಗಾಗಿ ಅವಳ ಮನೆ ಮುಂದೆ ಸಾಲು ನಿಂತಿದ್ದಾರೆ. ಅವಳ ಬಾಚಿ ಕಿತ್ಕೊಳ್ಳಿ ಪ್ರಭು. ನಮ್ಮ ಬಂಡಿಗಳು ಹದ್ದಿನಗುಡ್ಡವನ್ನು ಆಟ ಆಡಿದ ಹಾಗೆ ಹತ್ತುತ್ತವೆ!"

ನಾಯಕ ಕಾಳವ್ವನನ್ನು ಕರೆಸಿದ. "ಏನಮ್ಮ, ನಿನ್ನ ಬಂಡಿ ಹತ್ತುತ್ತದೋ?"

"ಹತ್ತುತ್ತೆ ಬುದ್ಧಿ. ಬಾಚಿ ಮಾತ್ರ ಕಿತ್ಕೋಬೇಡಿ, ಮೂರು ಹೊಟ್ಟೆ ಅದರ ಮೇಲಿದೆ."

"ಸರಿ. ನಾಳೆ ಮೂವರೂ ಹದ್ದಿನಗುಡ್ಡದ ಕಾವಲುಮನೆ ಮುಟ್ಟಿ ಬನ್ನಿ. ಯಾರ ಬಂಡಿ ಹತ್ತಲಿಲ್ಲವೋ ಅವರು ಬಾಚಿ ಒಪ್ಪಿಸಬೇಕು."

ಆಚಾರಿಗಳ ಮುಖ ಹುಳ್ಳಗಾಯಿತು. ಮಾತಿಗೆ ಹೇಳಿದ್ದು ಹೀಗೆ ಕೊರಳಿಗೆ ಸುತ್ತಿಕೊಳ್ಳುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಆಗ ಕೆಂಚಪ್ಪ ಬಾಯಿ ಹಾಕಿದ. "ಪ್ರಭು, ಇಂಥ ದೊಡ್ಡ ಆಚಾರ್ರ ಹಿಂದೆ ಸಾಕ್ಷಿಗೆ ಆಳು ಕಳಿಸಿದರೆ ಅವರಿಗೆ ಅವಮಾನ. ಬಂಡಿಗಳನ್ನು ತೊಳೆಯದೆ, ಇದ್ದ ಹಾಗೇ ನಾಡಿದ್ದು ಇಲ್ಲಿಗೆ ತರಲಿ. ಹೋಗಿ ಬಂದದ್ದು ಗಾಲಿ ನೋಡಿದರೆ ತಿಳಿಯುತ್ತೆ."

ಆಚಾರಿಗಳಿಗೆ ಹೋದ ಜೀವ ಬಂತು. "ಆಹಾ, ಕೆಂಚಪ್ಪನೋರು ಎಂಥ ಧರ್ಮಾತ್ಮರು!" ಅಂತ ಕೈ ಮುಗಿದರು.

ಮಾರನೆಯ ದಿನ ಕಾಳವ್ವ ಬೆಳಗ್ಗೆಯೇ ಬಂಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋದಳು. ಮಾನಾಚಾರಿ ಕೆರೆಗೆ ಹೋಗಿ ತನ್ನ ಬಂಡಿಯ ಗಾಲಿಗೆಲ್ಲ ಕೆಸರು ಮೆತ್ತಿದ. ವೀರಾಚಾರಿ ಅದನ್ನು ಮರೆಯಲ್ಲಿ ನಿಂತು ನೋಡಿದ. ಇವನಿಗಿಂತ ತಾನೇನು ಕಡಿಮೆ? ಅವನು ಹೋದ ಮೇಲೆ ತಾನೂ ಕೆರೆಗಿಳಿದು, ಗಾಲಿಯಿಂದ ನೊಗದವರೆಗೂ ಬಳಿದು, ಮೇಲೆ ನಾಲ್ಕು ಮುಳ್ಳುಕಂಟಿ ಸಿಕ್ಕಿಸಿದ. ತಂದ ಎತ್ತುಗಳನ್ನೂ ಬಿಡಲಿಲ್ಲ ಪುಣ್ಯಾತ್ಮ.

ಮೂರನೆಯ ದಿನ ಅರಮನೆ ಅಂಗಳದಲ್ಲಿ ಬಂಡಿಗಳು ನಿಂತವು. ಕೆಸರು ಹೊತ್ತ ಎರಡು ಬಂಡಿಗಳನ್ನು ನೋಡಿ ಜನ "ಅಬ್ಬಬ್ಬಾ!" ಅಂದರು. ಕಾಳವ್ವನ ಬಂಡಿಯಲ್ಲಿ ಒಂದು ತೊಟ್ಟು ಕೆಸರಿಲ್ಲ. ಗಾಲಿಯ ಕಬ್ಬಿಣದ ಪಟ್ಟಿ ಸವೆದು ಫಳಫಳ ಹೊಳೆಯುತ್ತಿತ್ತು, ಅಷ್ಟೆ.

"ಏನಮ್ಮ ಇದು?" ನಾಯಕ ಹುಬ್ಬು ಗಂಟಿಕ್ಕಿದ. "ಮನೆಯಿಂದ ಹೊರಟೇ ಇಲ್ಲ ನೀನು! ಇಡು ಬಾಚಿ ಕೆಳಗೆ."

"ಹೋಗಿ ಬಂದೆ ಬುದ್ಧಿ, ದೇವರಾಣೆ!" ಕಾಳವ್ವನ ಕಣ್ಣಲ್ಲಿ ನೀರು ಬಂತು. ಬಾಚಿಯನ್ನು ಎದೆಗೆ ಅವಚಿಕೊಂಡು ನಿಂತಳು.

"ಸ್ವಲ್ಪ ತಡೀರಿ ಪ್ರಭು," ಅಂದ ಕೆಂಚಪ್ಪ. "ಮಾನಾಚಾರ್ರೇ, ಗುಡ್ಡದ ಮೇಲೆ ಕೆಸರು ಎಷ್ಟಿತ್ತು?"

"ಮೊಣಕಾಲುದ್ದ!"

"ಸೊಂಟದುದ್ದ!" ಅಂದ ವೀರಾಚಾರಿ, ಕೇಳುವ ಮೊದಲೇ.

ಕೆಂಚಪ್ಪ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಪ್ರಭು, ನಾಲಿಗೆ ಉದ್ದ ಅಂತ ನೀವು ನನ್ನನ್ನು ಮೂರು ವರ್ಷ ಅದೇ ಗುಡ್ಡದ ಕಾವಲಿಗೆ ಹಾಕಿದ್ದಿರಲ್ಲ? ಬುಡದಿಂದ ತುದಿವರೆಗೆ ಅದು ಒಂದೇ ಬಂಡೆ. ಒಂದು ಮೆಣಸಿನಗಿಡ ನೆಡೋಣ ಅಂದರೆ ಹಿಡಿ ಮಣ್ಣಿಲ್ಲ. ಬರೀ ಸಪ್ಪೆ ಗಂಜಿ ಕುಡಿದು ಸತ್ತೆ. ನಾನು ಅಲ್ಲಿಂದ ಬಂದ ಮೇಲೆ ಸೊಂಟದುದ್ದ ಮಣ್ಣು ಬಂತೇ? ನನ್ನ ಹಣೆಬರಹವೇ!"

ಅಷ್ಟರಲ್ಲಿ ವೀರಾಚಾರಿಯ ಗಾಲಿಯ ಕೆಸರು ಕದಲಿತು. ಒಂದು ಏಡಿ ಹೊರಗೆ ಬಂದು, ಎರಡೂ ಕೊಂಡಿ ಎತ್ತಿ, ನಾಯಕನ ಕಡೆ ಅಡ್ಡಡ್ಡ ನಡೆಯಿತು.

ನಾಯಕ ಕಾಲು ಮೇಲೆತ್ತಿಕೊಂಡು ಗುಡುಗಿದ. "ಎಲ್ಲಿಗೆ ಹೋಗಿದ್ರಯ್ಯಾ ನೀವು?"

ಆಚಾರಿಗಳು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು. ಕೆಂಚಪ್ಪನೇ ಉತ್ತರ ಕೊಟ್ಟ.

"ಕೆರೆಗೆ, ಪ್ರಭು. ನಮ್ಮೂರ ಎಮ್ಮೆಗಳೂ ದಿನಾ ಹೀಗೇ ಮೆತ್ತಿಕೊಂಡು ಬರುತ್ತವೆ. ಅವು ಪಾಪ, ಹದ್ದಿನಗುಡ್ಡ ಹತ್ತಿ ಬಂದೆ ಅಂತ ಯಾರಿಗೂ ಹೇಳಲ್ಲ."

ಅಂಗಳ ನಕ್ಕೂ ನಕ್ಕೂ ಸುಸ್ತಾಯಿತು. ಆಚಾರಿಗಳು ಬಾಚಿಗಳನ್ನು ತಂದು ಕೆಳಗಿಟ್ಟರು. ಅದನ್ನು ನೋಡಲಾರದೆ ಕಾಳವ್ವನೇ ಮುಂದೆ ಬಂದಳು. "ಬೇಡ ಬುದ್ಧಿ, ಅವರ ಮನೇಲೂ ಮಕ್ಕಳಿದ್ದಾರೆ."

"ಹಾಗಾದರೆ ಬಾಚಿ ಅವರಲ್ಲೇ ಇರಲಿ," ಅಂದ ಕೆಂಚಪ್ಪ. "ಆದರೆ ಹದ್ದಿನಗುಡ್ಡದ ಈ ಕೆಸರನ್ನು ಅಲ್ಲಿಗೇ ಮುಟ್ಟಿಸಿ ಬರಲಿ."

"ಅಯ್ಯೋ, ನಮ್ಮ ಬಂಡಿ ಅಲ್ಲಿಗೆ ಹತ್ತಲ್ಲ ಸ್ವಾಮಿ!" ಇಬ್ಬರೂ ಒಟ್ಟಿಗೇ ಕೂಗಿದರು. ಇಪ್ಪತ್ತು ವರ್ಷದಲ್ಲಿ ಅವರಾಡಿದ ಮೊದಲ ನಿಜ ಅದು.

ಕೊನೆಗೆ ಕೆಸರಿನ ಬುಟ್ಟಿಗಳನ್ನು ತಲೆ ಮೇಲೆ ಹೊತ್ತು ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಕಾವಲಿನವರಿಗೆ ದಿನಸಿ ಒಯ್ಯುವ ಕೆಲಸ ಕಾಳವ್ವನಿಗೆ ಸಿಕ್ಕಿತು.

ನಾಯಕನಿಗೂ ಆಸೆ ಹುಟ್ಟಿತು. "ಕಾಳವ್ವ, ನನಗೂ ನಿನ್ನ ಕೈಯಿಂದ ಒಂದು ಬಂಡಿ ಆಗಬೇಕು."

"ಆಗಲಿ ಬುದ್ಧಿ. ಎಲ್ಲೆಲ್ಲಿಗೆ ಹೋಗೋದು ಅಂತ ಹೇಳಿದರೆ ಅದಕ್ಕೆ ತಕ್ಕ ಹಾಗೆ ಮಾಡ್ತೀನಿ."

ನಾಯಕ ಮೀಸೆ ತಿರುವಿದ. "ಎಲ್ಲಿಗೆ ಅಂದರೆ... ಕೋಟೆ ಬಾಗಿಲಿಂದ ಸಂತೆಬೀದಿಗೆ."

"ಹಾಗಾದರೆ ಬಂಡಿ ಯಾಕೆ?" ಅಂದ ಕೆಂಚಪ್ಪ. "ಪ್ರಭುಗಳಿಗೆ ಒಂದು ಜೊತೆ ಮೆಟ್ಟು ಹೊಲಿಸಿದರೆ ಸಾಕು."

ನಾಯಕ ಕಣ್ಣು ಕೆಂಪಗೆ ಮಾಡಿದ. "ಕೆಂಚಪ್ಪಾ! ಇನ್ನೂ ಮೂರು ವರ್ಷ ಗುಡ್ಡದ ಮೇಲೆ ಇರ್ತೀಯೇನೋ?"

"ಧಾರಾಳವಾಗಿ ಪ್ರಭು! ಈಗ ಅಲ್ಲಿಗೆ ಹೋಗೋಕೆ ಬಂಡಿಯೂ ಇದೆ, ಮೆಣಸಿನಗಿಡಕ್ಕೆ ಮಣ್ಣೂ ಇದೆ."