ತೋಳು ಇಳಿಸದ ಲೋಡರ್

ಹಳೆಯ ಟ್ರ್ಯಾಕ್ಟರಿನ ಮುಂದೆ ಮಣ್ಣೆತ್ತುವ ಲೋಡರ್ ಇತ್ತು. ಟ್ರೇಲರ್ ಎತ್ತಲೆಂದು ಮೇಸ್ತ್ರಿ ದಾವಲಸಾಬರು ಅದರ ಹಿಂಬದಿಗೆ ಎಣ್ಣೆ ಹರಿಸುವ ಹೊಸ ಹೈಡ್ರಾಲಿಕ್ ಪೈಪ್ ಜೋಡಿಸಿದರು. ಲೋಡರ್, ಪೈಪ್ ಇಬ್ಬರಿಗೂ ಎಣ್ಣೆ ಒಂದೇ ಟ್ಯಾಂಕಿನದು. ಅಂದರೆ, ಕೆಲಸ ಮುಗಿದ ಮೇಲೆ ಇಬ್ಬರೂ ಅದನ್ನು ಅಲ್ಲಿಗೇ ಹಿಂದಿರುಗಿಸಬೇಕು.

"ನನ್ನ ಎಣ್ಣೆ ಎಲ್ಲಿಗೆ ಒಯ್ಯುತ್ತೀಯ?" ಎಂದು ಲೋಡರ್ ಗದರಿತು.

"ಒಯ್ದದ್ದನ್ನು ಮರಳಿ ತರುತ್ತೇನಣ್ಣ," ಎಂದಿತು ಪೈಪ್.

"ಕಳ್ಳರೆಲ್ಲ ಹೇಳುವುದು ಹಾಗೆಯೇ."

ಅಂದಿನಿಂದ ಲೋಡರ್ ಕೆಲಸ ಮುಗಿದರೂ ತೋಳು ಇಳಿಸಲಿಲ್ಲ. ಎತ್ತಿದ ತೋಳಿನಲ್ಲಿ ಎಣ್ಣೆ ತುಂಬಿಕೊಂಡೇ ಇರುತ್ತದೆ. ಇಳಿಸಿದರೆ ಮಾತ್ರ ಅದು ಟ್ಯಾಂಕಿಗೆ ಹೋಗುತ್ತದೆ.

ಒಂದು ದಿನ ಮೇಲೇಳುತ್ತಿದ್ದ ಟ್ರೇಲರ್ ಅರ್ಧಕ್ಕೇ ನಿಂತಿತು. ಟ್ಯಾಂಕಿನಲ್ಲಿ ಎಣ್ಣೆ ತಳ ಮುಟ್ಟಿತ್ತು.

"ನಾನು ಹೇಳಲಿಲ್ಲವೇ? ಆ ಕಳ್ಳನನ್ನು ಕಿತ್ತುಹಾಕಿ!" ಎಂದು ಲೋಡರ್ ಕೂಗಿತು. ಮೇಸ್ತ್ರಿ ಸ್ಪ್ಯಾನರ್ ಹಿಡಿದು ಬಂದರು.

"ತಡೀರಿ ಸಾಬ್ರೇ," ಎಂದಿತು ಟ್ರ್ಯಾಕ್ಟರ್. "ಲೋಡರಿನ ತೋಳನ್ನು ನೆಲಕ್ಕಿಳಿಸಿಯೇ ಎಣ್ಣೆಯ ಮಟ್ಟ ನೋಡಬೇಕು ಎಂದವರು ನೀವೇ ಅಲ್ಲವೇ?"

ಮೇಸ್ತ್ರಿ ಲಿವರ್ ಎಳೆದರು. ತೋಳು ಇಳಿಯಿತು, ಟ್ಯಾಂಕ್ ತುಂಬಿತು.

ಲೋಡರ್ ಮೇಸ್ತ್ರಿಯತ್ತ ತಿರುಗಿ, "ಕಂಡಿರಾ? ಆ ಕಳ್ಳ ಹೆದರಿ ಎಲ್ಲವನ್ನೂ ವಾಪಸ್ ಇಟ್ಟುಬಿಟ್ಟ!" ಎಂದಿತು.