ಹಲ್ಲು ಹೆಕ್ಕುವ ಹಕ್ಕಿಯ ಸಾಕ್ಷಿ

ಆಚೆ ದಡದ ಮೊಸಳೆ ಈಚೆ ದಡಕ್ಕೆ ಬಂದು ಬಿಸಿಲು ಕಾಯಿಸಿಕೊಳ್ಳತೊಡಗಿದಾಗಿನಿಂದ ಬಾತುಗಳಿಗೆ ನಿದ್ದೆಯಿಲ್ಲ. ಮೊಸಳೆಯ ಹಲ್ಲು ಹೆಕ್ಕಿ ಹೊಟ್ಟೆ ಹೊರೆಯುವ ಪುಟ್ಟ ಹಕ್ಕಿಯನ್ನು ಕರೆದು ತಾಯಿ ಬಾತು ಕೇಳಿತು: "ಅದರ ಬಾಯೊಳಗನ್ನು ಕಂಡವಳು ನೀನೊಬ್ಬಳೇ. ನಮಗೆ ಅಪಾಯವಿದೆಯೇ, ಹೇಳು ತಂಗಿ."

"ಎಳ್ಳಷ್ಟೂ ಇಲ್ಲ," ಎಂದಿತು ಹಕ್ಕಿ. "ದಿನವೂ ಆ ಬಾಯೊಳಗೇ ಓಡಾಡುತ್ತೇನೆ. ನನ್ನ ಒಂದು ಪುಕ್ಕವೂ ಕೊಂಕಿಲ್ಲ. ಬಹಳ ಸಾಧು ಪ್ರಾಣಿ."

"ಹಾಗಾದರೆ ತಿನ್ನುವುದೇನನ್ನು?"

"ಬರೀ ಮೀನು. ಮುಳ್ಳು ಹೆಕ್ಕಿ ಹೆಕ್ಕಿ ನನಗೆ ಸಾಕಾಗಿದೆ."

"ಇವತ್ತೂ ಮುಳ್ಳೇ ಸಿಕ್ಕಿತೇ?"

ಹಕ್ಕಿ ಅವಸರದಲ್ಲಿ ಕೊಕ್ಕನ್ನು ಕಲ್ಲಿಗೆ ಉಜ್ಜಿತು. ಕೊಕ್ಕಿಗೆ ಅಂಟಿದ್ದ ಹಳದಿ ಎಳೆಗರಿಯೊಂದು ಕೆಳಗೆ ಬಿತ್ತು.

ತಾಯಿ ಬಾತು ಗಾಬರಿಯಿಂದ ತಿರುಗಿ ಮರಿಗಳನ್ನು ಒಂದೊಂದಾಗಿ ಕೂಗಿತು. ಕೊನೆಯದು ಓಗೊಡಲಿಲ್ಲ.